ಗೊಬ್ಬರಕ್ಕೆ ಹೊಡೆದ ಔಷಧಿ

ಬೂಷ್ಟನ್ನು ಬೈಯುತ್ತಲೇ ನನ್ನ ಇಪ್ಪತ್ತು ವರ್ಷ ಕಳೆದಿವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಪುಟ್ಟ ಲ್ಯಾಬಿನಲ್ಲಿ ಕಫ ಪರೀಕ್ಷೆ ನನ್ನ ಕೆಲಸ. ರೊಟ್ಟಿಗೆ ಬೂಷ್ಟು ಹಿಡಿದರೇ ನನಗೆ ಸಿಟ್ಟು, ಮನುಷ್ಯರ ಎದೆಗೆ ಹಿಡಿದರೆ ಕೇಳಬೇಕೆ? ೨೦೦೭ರಲ್ಲಿ ಅದು ಜಾಹೇದಾಳ ಕಫದಲ್ಲಿ ಸಿಕ್ಕಿತು.

ಜಾಹೇದಾ ಕಮಲಾಪುರದವಳು. ಗಂಡ ಇಮಾಮುದ್ದೀನ್‌ಗೆ ಅಲ್ಲಿ ಕೆಂಪು ಬಾಳೆಯ ತೋಟ. ಎಂದೋ ಬಂದ ಕ್ಷಯ ವಾಸಿಯಾಗಿದ್ದರೂ ಅವಳ ಶ್ವಾಸಕೋಶದಲ್ಲಿ ಒಂದು ಗುಳಿ ಬಿಟ್ಟುಹೋಗಿತ್ತು. ಬೂಷ್ಟು ಅಲ್ಲೇ ಮನೆ ಮಾಡಿಕೊಂಡಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆರು ತಿಂಗಳಾದರೂ ಕಫದಲ್ಲಿ ರಕ್ತ ನಿಲ್ಲಲಿಲ್ಲ. "ಗುಳಿಗಿ ಖರೇನೇ ನುಂಗ್ತಿ ಏನ?" ಎಂದು ಅವಳನ್ನು ಗದರಿದ್ದೆ. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಆ ಬೂಷ್ಟನ್ನು ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಉತ್ತರ ಬರುವಷ್ಟರಲ್ಲಿ ಜಾಹೇದಾ ತೀರಿಕೊಂಡಿದ್ದಳು. ಬೂಷ್ಟಿನ ಜೀನಿನಲ್ಲಿ ಸಣ್ಣದೊಂದು ಬದಲಾವಣೆಯಾಗಿತ್ತಂತೆ. ಮಾತ್ರೆ ಹೋಗಿ ಅಂಟಬೇಕಾದ ಜಾಗದ ಆಕಾರವೇ ಬೇರೆಯಾಗಿ, ಔಷಧಿಗೆ ಹಿಡಿತ ಸಿಕ್ಕಿರಲಿಲ್ಲ. ಬೆಳೆಗೆ ಹೊಡೆಯುವ ಔಷಧಿಗಳಲ್ಲೂ ಕೆಲವು ಈ ಮಾತ್ರೆಯ ಜಾತಿಯವೇ, ಇಂಥ ಬೂಷ್ಟು ಬೆಳೆಯುವ ತೋಟದ ಗೊಬ್ಬರವನ್ನೂ ನೋಡಿ ಎಂದು ಬರೆದಿದ್ದರು.

ಕಮಲಾಪುರಕ್ಕೆ ಹೋದೆ. ಇಮಾಮುದ್ದೀನ್ ಬಾಳೆಎಲೆ ಕೊಳೆಹಾಕಿದ ತಿಪ್ಪೆ ತೋರಿಸಿದ.

"ಇದನ್ನ ಆಕಿನೇ ತಿರುವಿ ಹಾಕ್ತಿದ್ಲು ಅಕ್ಕಾರ. ಧೂಳಿಗೆ ಕೆಮ್ಮು ಬರ್ತಿತ್ತು. ಬೂಷ್ಟು ಸಾಯ್ಲಿ ಅಂತ, ಎಲಿಚುಕ್ಕಿ ರೋಗಕ್ಕ ಹೊಡದು ಉಳಿದ ಔಷಧಿ ಪ್ರತಿ ಸಲ ಇದರ ಮ್ಯಾಲ ಹೊಡಿತಿದ್ದೆ."

ಆ ಔಷಧಿಗೆ ಸಾಯುವ ಬೂಷ್ಟು ಸತ್ತು, ಬದಲಾದದ್ದು ಮಾತ್ರ ಉಳಿದು ಹೆಚ್ಚಿ, ಧೂಳಿನೊಡನೆ ಅವಳ ಉಸಿರಿಗೆ ಸೇರಿತ್ತೇನೋ. ಪಾಪದ ಮನುಷ್ಯ, ಸುಮ್ಮನೆ ಹೋಗಿಬಿಡೋಣ ಎಂದುಕೊಂಡೆ.

"ಔಷಧಿ ಕಡಿಮಿ ಬಿತ್ತು ಅನಸ್ತದ್ರೀ," ಎಂದ ಅವನು. "ಈಗ ಮಗಳು ತಿರುವಾಕತ್ತಾಳ. ಡಬಲ್ ಹೊಡಿತೀನಿ."

ಇನ್ನು ಸುಮ್ಮನಿರುವಂತಿರಲಿಲ್ಲ. ಅವನನ್ನು ಬದುವಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ. ಇದರಿಂದಲೇ ಆಯಿತೆಂದು ಖಾತ್ರಿ ಇಲ್ಲ ಎಂದೂ ಹೇಳಿದೆ. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅವನು ಕೇಳಿದ, "ಇದು ಆಕಿಗಿ ಗೊತ್ತಾಗಿತ್ತೇನ್ರೀ?"

"ಇಲ್ಲಪ್ಪ."

"ಛಲೋ ಆತು," ಎಂದು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದ.