ಅರವತ್ತೊಂದು ತಲೆ

"ಏಳು ಮೇಲೆ. ಕೈಯಿರೋ ಕುರ್ಚಿ ಅದೊಂದೇ, ಹೊಸ ಮೇಡಂಗೆ ಬೇಕು. ಕಸ ಗುಡಿಸೋಳ ಮಗಳು ಎರಡು ವರ್ಷ ಕೂತಿದ್ದೇ ಹೆಚ್ಚಾಯ್ತು."

ಹೆಡ್‌ಮಾಸ್ಟರು ಇದನ್ನು ಹೇಳುವಾಗ ನನ್ನ ಅಮ್ಮ ಅದೇ ಕೋಣೆಯಲ್ಲಿ ಬಗ್ಗಿ ಬೆಂಚಿನಡಿಯ ಕಸ ಎಳೆಯುತ್ತಿದ್ದಳು. ಪೊರಕೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಾನು ಎದ್ದೆ. ತಿದ್ದುತ್ತಿದ್ದ ನೋಟ್‌ಪುಸ್ತಕಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತೆ.

ಆದೇಶ ಬಂದಿತ್ತು. ಮಕ್ಕಳು ಕಡಿಮೆಯಾದ ಶಾಲೆಗಳಲ್ಲಿ ಹೆಚ್ಚುವರಿಯಾಗಿ ಉಳಿದ ಶಿಕ್ಷಕರನ್ನು ಮಕ್ಕಳು ಹೆಚ್ಚಿರುವ ಕಡೆಗೆ ಕಳಿಸುತ್ತಾರೆ. ಅರವತ್ತು ದಾಟಿದ ಶಾಲೆಗೆ ಮೂರನೆಯ ಕಾಯಂ ಹುದ್ದೆ. ಕಾಯಂ ಟೀಚರ್ ಬಂದ ದಿನವೇ ನನ್ನಂಥ ತಾತ್ಕಾಲಿಕ ಟೀಚರ್ ಮನೆಗೆ. ನಮ್ಮ ಹಾಜರಿ ಪುಸ್ತಕದಲ್ಲಿ ಅರವತ್ತೊಂದು ಹೆಸರಿದ್ದವು. ಗುರುವಾರ ಅಧಿಕಾರಿ ಬಂದು ತಲೆ ಎಣಿಸುತ್ತಾರೆ. ಹೆಸರಿದ್ದರೆ ಸಾಲದು, ಮಗು ಕಣ್ಣೆದುರು ಇರಬೇಕು.

"ಇಟ್ಟಿಗೆ ಭಟ್ಟಿ ಮಕ್ಕಳನ್ನ ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ. ಒಂದು ತಲೆ ಕಮ್ಮಿಯಾಗ್ಲಿ, ನಿಮ್ಮಮ್ಮನ ಪೊರಕೆನೂ ಕಿತ್ಕೋತೀನಿ," ಅಂದರು ಹೆಡ್‌ಮಾಸ್ಟರು.

ನಾನು ಈ ಶಾಲೆಗೆ ಬಂದಾಗ ಮೂವತ್ತೆಂಟು ಮಕ್ಕಳಿದ್ದರು. ಇನ್ನಷ್ಟು ಕಡಿಮೆಯಾದರೆ ಬಾಗಿಲು ಹಾಕುತ್ತೇವೆ ಅಂದಿದ್ದರು. ಆಗ ನಾನೇ ಇಟ್ಟಿಗೆ ಭಟ್ಟಿಯ ಗುಡಿಸಲುಗಳಿಗೆ ಹೋದೆ. ಮಕ್ಕಳನ್ನು ಕಳಿಸಿ ಅಕ್ಕಾ, ಮಕ್ಕಳಿದ್ದರೆ ನನ್ನ ಕೆಲಸವೂ ಉಳಿಯುತ್ತದೆ ಎಂದು ಅಂಗಲಾಚಿದೆ. ಅಂದಿಗೆ ಅದು ನಿಜವೇ ಆಗಿತ್ತು. ಸಿಂಬಳ ಒರೆಸಿ, ಹೇನು ತೆಗೆದು, ಮಣ್ಣು ಮೆತ್ತಿದ ಕೈ ಹಿಡಿದು ಒಬ್ಬೊಬ್ಬರನ್ನಾಗಿ ಇಪ್ಪತ್ತಮೂರು ಮಕ್ಕಳನ್ನು ಕರೆತಂದೆ. ನನ್ನನ್ನು ಹೊರಗೆ ಹಾಕುವ ಸಂಖ್ಯೆಯನ್ನು ನಾನೇ ಹೀಗೆ ಕೂಡಿಸಿಕೊಂಡು ಬಂದಿದ್ದೆ.

ಸಂಜೆ ಮನೆಯಲ್ಲಿ ಅಮ್ಮ ಕಾಲು ನೀಡಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಒಬ್ಬಳು ಹುಡುಗಿ ಬರದಿದ್ದರೂ ಸಾಕು, ಲೆಕ್ಕ ಅರವತ್ತಕ್ಕೇ ನಿಲ್ಲುತ್ತದೆ ಎಂದು ಅವಳು ದಾರಿಯಲ್ಲೇ ಎಣಿಸಿಬಿಟ್ಟಿದ್ದಳು. ಹೆಡ್‌ಮಾಸ್ಟರು ನಿನ್ನನ್ನು ಬಿಡಿಸಿದರೆ ಏನು ಗತಿ ಎಂದು ಕೇಳಿದೆ.

"ಗುಡಿಸೋಕೆ ಎಲ್ಲಾದ್ರೂ ಕಸ ಸಿಗುತ್ತೆ ಕಣೇ. ನಿನಗೆ ಇನ್ನೊಂದು ಕ್ಲಾಸು ಎಲ್ಲಿ ಸಿಗುತ್ತೆ? ಸುಳ್ಳು ಹೇಳು ಅಂತಿಲ್ಲ ನಾನು. ಸುಮ್ನಿರು ಅಂತಿದೀನಿ, ಅಷ್ಟೇ."

ಬುಧವಾರ ಭಟ್ಟಿಗೆ ಹೋದೆ. ಮೋಡ ಕಟ್ಟಿತ್ತು, ಮಳೆಗೆ ಮುಂಚೆ ಇಟ್ಟಿಗೆ ಒಣಗಬೇಕಿತ್ತು. ಹಸಿ ಇಟ್ಟಿಗೆಯ ಸಾಲುಗಳ ನಡುವೆ ದೊಡ್ಡವರ ಪಾದ ಹಿಡಿಸುವುದಿಲ್ಲ, ಇಟ್ಟಿಗೆಯ ಮಗ್ಗುಲು ಬದಲಿಸಲು ಮಕ್ಕಳ ಪಾದವೇ ಬೇಕು. ನಾಳೆ ಒಂದು ಮಗುವೂ ಎಲ್ಲಿಗೂ ಹೋಗುವ ಹಾಗಿಲ್ಲ ಎಂದು ಮೇಸ್ತ್ರಿ ಕೂಗಿ ಹೇಳುತ್ತಿದ್ದ. ವಾರಕ್ಕೊಮ್ಮೆಯಾದರೂ ಇದೇ ಮಾತಿಗೆ ಅವನಿಗೂ ನನಗೂ ಜಗಳವಾಗುತ್ತಿತ್ತು.

"ಏನ್ ಟೀಚರಮ್ಮ, ಇವತ್ತು ಬಾಯಿಗೆ ಬೀಗನಾ?" ಅಂದ.

ಇಟ್ಟಿಗೆಯ ಅಚ್ಚು ಹಾಕುವ ಅಕ್ಕ ಕೆಸರಿನ ಮುದ್ದೆಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಅವಳ ಮಗಳು, ನಮ್ಮ ಹಾಜರಿಯ ಕೊನೆಯ ಹೆಸರು, ಅವಳ ಬೆನ್ನ ಹಿಂದೆ ನಿಂತಿದ್ದಳು. ಅಜ್ಜಿಯ ಕಥೆಗಳಲ್ಲಿ ಶಾಪ ತಗುಲಿದವರು ನಿಂತಲ್ಲೇ ಕಲ್ಲಾಗುತ್ತಾರೆ. ನನಗೆ ಯಾರೂ ಶಾಪ ಕೊಟ್ಟಿರಲಿಲ್ಲ. ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಂಡು ಹಿಂತಿರುಗಿದೆ.

ಗುರುವಾರ ಬೆಳಿಗ್ಗೆ ಅಧಿಕಾರಿಯ ಜೀಪು ಅಂಗಳದೊಳಗೇ ಬಂದು ನಿಂತಿತು. ಅವರು ಮುಚ್ಚಳ ತೆಗೆಯದ ಪೆನ್ನಿನಿಂದ ಕುರಿ ಎಣಿಸುವಂತೆ ಎಣಿಸಿದರು. ಮೂವತ್ತೆಂಟು. ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. ನನ್ನನ್ನು ಗೋಡೆಯ ಹತ್ತಿರಕ್ಕೆ ಕರೆದು, ಮಕ್ಕಳಿಗೆ ಕೇಳಿಸುವಂತೆಯೇ ಅಂದರು: "ಹಲ್ಕಾ ಮುಂಡೆ, ಬೇಕಂತಲೇ ಮಾಡಿದೀಯ."

ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯೊಳಗೆ, ಕೆಲಸ ಉಳಿಯಿತು ಎಂಬ ಸಣ್ಣ ಸಂತೋಷವೊಂದು ಮಿಸುಕಾಡುತ್ತಿತ್ತು.

ಅಷ್ಟರಲ್ಲಿ ಗೇಟಿನಲ್ಲಿ ಗದ್ದಲವಾಯಿತು. ಭಟ್ಟಿಯ ಹೆಂಗಸರು. ಮೊಣಕೈವರೆಗೆ ಒಣಗಿದ ಕೆಸರು, ಮುಂದೆ ಇಪ್ಪತ್ತಮೂರು ಮಕ್ಕಳು. ಅರ್ಧ ದಾರಿ ಓಡಿಸಿಕೊಂಡೇ ಬಂದಿದ್ದರು. ಅಧಿಕಾರಿ ಮತ್ತೆ ಎಣಿಸಿ ಅರವತ್ತೊಂದು ಅಂದರು. ಹೆಡ್‌ಮಾಸ್ಟರು ನಗುತ್ತಾ ಅವರನ್ನು ವರದಿ ಬರೆಯಲು ಒಳಗೆ ಕರೆದೊಯ್ದರು.

ಅಚ್ಚು ಹಾಕುವ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಆ ಮೇಸ್ತ್ರಿ ಮುಖಕ್ಕೆ ಅಚ್ಚು ಎಸೆದು ಬಂದ್ವಿ ಟೀಚರ್. ನಮಗೆ ತೊಂದ್ರೆಯಾಗ್ಬಾರ್ದು ಅಂತ ನಿನ್ನೆ ಬಾಯಿ ಮುಚ್ಕೊಂಡು ಹೋದ್ರಲ್ಲ, ನಮಗೆ ತಿಳಿಯಲ್ವಾ? ತಲೆ ಕಮ್ಮಿಯಾದ್ರೆ ಕೆಲಸ ಹೋಗುತ್ತೆ ಅಂತ ನೀವೇ ಹೇಳಿದ್ರಿ. ಈಗ ಗಟ್ಟಿಯಾಯ್ತಲ್ಲ?"

ಹೂಂ ಅನ್ನಬಹುದಿತ್ತು. ಆ ಕೈ ಬಿಸಿಯಾಗಿತ್ತು, ಒರಟಾಗಿತ್ತು.

"ಇಲ್ಲಕ್ಕಾ. ಈಗ ಹೋಯ್ತು. ಅರವತ್ತು ದಾಟಿದ್ರೆ ಕಾಯಂ ಟೀಚರ್ ಬರ್ತಾರೆ. ಮಕ್ಕಳು ಬರದೇ ಇರ್ಲಿ ಅಂತ ನಿನ್ನೆ ಸುಮ್ನಿದ್ದೆ. ಅವರು ಇಟ್ಟಿಗೆ ತಿರುಗಿಸಿದ್ರೂ ಪರವಾಗಿಲ್ಲ ಅನ್ಕೊಂಡೆ."

ಅವಳು ಕೈ ಬಿಟ್ಟಳು. ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ನಿನ್ ನಾಲಿಗೆ ಸೇದಿಹೋಗ. ಬಾಯಿಬಿಟ್ಟು ಹೇಳಿದ್ರೆ ಒಂದಿನ ಮನೇಲೇ ಮಲಗಿಸ್ತಿರಲಿಲ್ವೇನೇ ನಾವು? ನಮ್ಮ ಮಕ್ಕಳನ್ನ ಆ ಮೇಸ್ತ್ರಿ ಬಾಯಿಗೆ ಬಿಟ್ಟು ಹೋದ್ಯಾ?" ಕಿಟಕಿಯ ಕಡೆ ತಿರುಗಿದಳು. "ಇರ್ಲಿ, ಅದನ್ನ ಆಮೇಲೆ ಕೇಳ್ಕೋತೀನಿ. ಆ ಸಾಹೇಬ ಸೈನ್ ಹಾಕಿದ್ನಾ?"

ಇನ್ನೂ ಬರೆಯುತ್ತಿದ್ದಾರೆ ಎಂದೆ.

ಅವಳು ಎರಡು ಸಲ ಚಪ್ಪಾಳೆ ತಟ್ಟಿದಳು. ಹೆಂಗಸರು ತಮ್ಮ ತಮ್ಮ ಮಕ್ಕಳ ರಟ್ಟೆ ಹಿಡಿದು ಗೇಟಿನ ಕಡೆ ಹೊರಟರು. ಕಿಟಕಿಯಿಂದ ಇದನ್ನು ಕಂಡ ಹೆಡ್‌ಮಾಸ್ಟರು ಓಡಿಬಂದು ಅಗುಳಿ ಹಾಕಿ ಅಡ್ಡ ನಿಂತರು. ಅಮ್ಮ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗಿ, ಅವರ ಸೊಂಟದ ಪಕ್ಕದಿಂದಲೇ ಕೈ ತೂರಿಸಿ ಅಗುಳಿ ತೆಗೆದಳು. ಇಪ್ಪತ್ತು ವರ್ಷದಿಂದ ಆ ಗೇಟನ್ನು ದಿನಾ ತೆಗೆಯುತ್ತಿದ್ದವಳು ಅವಳೇ. ಹೆಂಗಸರು ಹೊರಗೆ ಹೋಗಿ, ಜೀಪು ದಾಟಬೇಕಾದ ದಾರಿಯಲ್ಲೇ ಮಕ್ಕಳನ್ನು ಸಾಲಾಗಿ ಕೂರಿಸಿದರು.

ಅಧಿಕಾರಿ ಜಗಲಿಗೆ ಬಂದು, ಎಣಿಕೆ ಮುಗಿದಿದೆ, ಎದ್ದು ಒಳಗೆ ಬನ್ನಿ ಅಂದರು.

"ಈ ಟೀಚರ್ ಇದ್ರೆ ಒಳಗೆ," ಅಂದಳು ಅಚ್ಚು ಹಾಕುವ ಅಕ್ಕ. "ಇಲ್ದಿದ್ರೆ ಇಲ್ಲಿ. ಮಗು ಎದುರಿಗಿರ್ಬೇಕಂತಲ್ಲ ಸಾಹೇಬ್ರೆ, ಈಗ ಎಣಿಸ್ಕೊಳ್ಳಿ."

ಅಧಿಕಾರಿ ಹೆಡ್‌ಮಾಸ್ಟರ ಕಡೆ ತಿರುಗಿ, ಹಾಜರಿ ಪುಸ್ತಕ ತನ್ನಿ, ಈ ಕೊಳಕು ಮಂದಿಯ ಹೆಸರೆಲ್ಲ ಹೊಡೆದುಹಾಕಿಬಿಡೋಣ, ಮೊದಲಿಂದಲೂ ಸುಳ್ಳು ದಾಖಲೆ ಅಂತ ಬರೀತೀನಿ ಅಂದರು. ಪೆನ್ನಿನ ಮುಚ್ಚಳ ಈಗ ತೆಗೆದಿತ್ತು.

ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ನಾನು ಒಳಗೆ ಹೋಗಿ ಅದನ್ನು ಎತ್ತಿಕೊಂಡೆ. ಅದು ಸರ್ಕಾರದ ಪುಸ್ತಕ, ಮುಟ್ಟಿದರೆ ಪೊಲೀಸರಿಗೆ ಕೊಡುತ್ತೇನೆ ಎಂದು ಹಿಂದಿನಿಂದ ಹೆಡ್‌ಮಾಸ್ಟರು ಕೂಗುತ್ತಿದ್ದರು. ಮೆಟ್ಟಿಲು ಇಳಿದೆ. ಗೇಟು ದಾಟಿ ಮಕ್ಕಳ ಎದುರು ನಿಂತೆ. ಭಟ್ಟಿ ಮಕ್ಕಳ ಹೆಸರು ಶುರುವಾಗುವ ಪುಟ ತಿರುಗಿಸಿದೆ.

"ಮೂವತ್ತೊಂಬತ್ತು," ಎಂದು ಕರೆದೆ.

"ಹಾಜರ್," ಅಂತು ಒಂದು ದನಿ.

"ನಲವತ್ತು."

ಗಲ್ಲಿಯ ತಿರುವಿನಲ್ಲಿ ಭಟ್ಟಿಯ ಟ್ರ್ಯಾಕ್ಟರ್ ಕಾಣಿಸಿತು. ಮೇಸ್ತ್ರಿ ನಿಂತುಕೊಂಡೇ ಬರುತ್ತಿದ್ದ, ಜೊತೆಗೆ ನಾಲ್ಕು ಗಂಡಸರು. ಅಂಗಳದಲ್ಲಿ ಜೀಪು ಗುರುಗುಟ್ಟಿತು. ಹೆಂಗಸರು ಮಕ್ಕಳ ಎರಡೂ ಪಕ್ಕಕ್ಕೆ ಸರಿದು ಒತ್ತೊತ್ತಾಗಿ ಕೂತರು. ಯಾರೂ ಏಳಲಿಲ್ಲ. ಮಕ್ಕಳು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತಿದ್ದರು.

"ನಲವತ್ತಾರು," ಅಂದೆ.

ಉತ್ತರ ಬರಲಿಲ್ಲ. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸಲಿಲ್ಲವೇನೋ. ಬೆರಳನ್ನು ಅದೇ ಹೆಸರಿನ ಮೇಲೆ ಒತ್ತಿ ಹಿಡಿದು, ಗಂಟಲು ಹರಿಯುವಂತೆ ಮತ್ತೆ ಕೂಗಿದೆ.

"ನಲವತ್ತಾರು."