ಪೈಲ್ವಾನರು ಹುಟ್ಟುವ ಮಣ್ಣು

ಆ ದಿನ ಬೆಳಿಗ್ಗೆ ಭೋಗಾವತಿಯ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಹೊಳೆ ಎಲ್ಲಿ ಮುಗಿಯಿತು, ದಂಡೆ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆಲೆಮನೆಗಳ ಹೊಗೆ ಮೇಲೇರಲಾರದೆ ಕಬ್ಬಿನ ಗದ್ದೆಯ ಮೇಲೆಯೇ ಹರಡಿಕೊಂಡು, ಊರಿಗೆಲ್ಲ ಬೆಲ್ಲದ ವಾಸನೆ ಹಿಡಿದಿತ್ತು. ಅಂಥ ಚಳಿಯಲ್ಲೂ ನಮ್ಮ ಗರಡಿಯ ಬಾಗಿಲು ನಸುಕಿನಲ್ಲೇ ತೆರೆದಿತ್ತು. ಅಂದು ಹೊಸ ಮಣ್ಣು ಕೂಡಿಸುವ ದಿನ.

ನಮಗೆ ಹೆಮ್ಮೆ ಅಂತ ಒಂದಿದ್ದರೆ ಆ ಗರಡಿ. ಹೊಸ ಮಣ್ಣಿಗೆ ಪ್ರತಿ ಮನೆಯಿಂದಲೂ ಏನಾದರೂ ಹೋಗಲೇಬೇಕು. ಒಬ್ಬರು ಮಜ್ಜಿಗೆ, ಒಬ್ಬರು ಎಣ್ಣೆ, ಬಡವರಾದರೆ ಒಂದು ಚಿಟಿಕೆ ಅರಿಶಿನ, ಎರಡು ನಿಂಬೆಹಣ್ಣು. ಜರಡಿ ಹಿಡಿದ ಕೆಮ್ಮಣ್ಣಿಗೆ ಇದನ್ನೆಲ್ಲ ಸುರಿದು, ತುಳಿದು, ಮಾರುತಿಗೆ ಕೈ ಮುಗಿದು, ಮಣ್ಣನ್ನು ಅದರ ಪಾಡಿಗೆ ಬಿಡುತ್ತಾರೆ. ಅದು ಹದಕ್ಕೆ ಬರುವವರೆಗೆ ಯಾರೂ ಅದರೊಳಗೆ ಇಳಿಯುವಂತಿಲ್ಲ.

ಈ ಕೆಲಸಕ್ಕೆಲ್ಲ ಯಜಮಾನರು ವಸ್ತಾದ ಗಣಪತರಾಯರು. ಒಂದು ಕಾಲಕ್ಕೆ ಕೊಲ್ಹಾಪುರದ ಸೀಮೆಯಲ್ಲೆಲ್ಲ ಹೆಸರಾದ ಪೈಲ್ವಾನ, ಈಗ ಗರಡಿಯ ಹುಡುಗರಿಗೆ ಗುರು. ಸಕ್ಕರೆ ಕಾಯಿಲೆಗೆ ಎಡಗಾಲಿನ ಬೆರಳುಗಳು ಹೋಗಿವೆ. ಹಾಗಾಗಿ ಕಟ್ಟೆಯ ಮೇಲೆ ಕೂತೇ ಹೇಳಿಕೊಡುತ್ತಾರೆ. ಮಗ ಸಂಗ್ರಾಮನೂ ಪೈಲ್ವಾನ. ಅವನ ಹೆಂಡತಿ ಪ್ರಾಜಕ್ತಾ ಆಗ ಏಳು ತಿಂಗಳ ಬಸುರಿ.

ವಸ್ತಾದರ ಹೆಂಡತಿ ಹೌಸಾಬಾಯಿ ತಮ್ಮ ಮನೆಯ ಪಾಲಿನ ಮಜ್ಜಿಗೆಯನ್ನು ಕೊಡದ ತುಂಬ ಸೊಸೆಯ ಕೈಲಿ ಕಳಿಸಿದ್ದಳು. ಪ್ರಾಜಕ್ತಾ ಗರಡಿಯ ಮೆಟ್ಟಿಲವರೆಗೆ ಬಂದಳು. ಅಲ್ಲಿ ಕಣ್ಣು ಕತ್ತಲೆಗಟ್ಟಿ ಹಾಗೇ ಕುಸಿದು ಕೂತಳು. ಕೊಡ ಉರುಳಿ ಮಜ್ಜಿಗೆಯೆಲ್ಲ ಮೆಟ್ಟಿಲ ಮೇಲೆ ಹರಿಯಿತು.

"ಗರಡಿಗಿಂತ ಮೊದ್ಲು ಮೆಟ್ಟಲಕ್ಕ ಕುಡಿಸಿದ್ಲು ನೋಡ್ರಿ," ಅಂತ ಯಾರೋ ನಕ್ಕರು. ಮನೆ ಮನೆ ನೋಡಿಕೊಂಡು ಬರುತ್ತಿದ್ದ ಆಶಾ ಕಾರ್ಯಕರ್ತೆ ಮಾಲನ್ ಮಾತ್ರ ನಗಲಿಲ್ಲ. ಓಡಿಬಂದು ಹುಡುಗಿಯನ್ನು ಕಟ್ಟೆಗೆ ಒರಗಿಸಿ, ಬೆಳಿಗ್ಗೆಯಿಂದ ಏನು ತಿಂದೆ ಅಂತ ಕೇಳಿದಳು. ಚಹಾ ಕುಡಿದೆ ಅಂದಳು ಪ್ರಾಜಕ್ತಾ. ನಿನ್ನೆ ರಾತ್ರಿ ಅರ್ಧ ಜೋಳದ ಭಾಕ್ರಿ, ಅದೂ ಎಲ್ಲರದೂ ಆದ ಮೇಲೆ. ಹಸಿವಾದರೆ ಹಲ್ಲಿಗೆ ಮಿಶ್ರಿ ತಿಕ್ಕುತ್ತಾಳಂತೆ. ಸುಟ್ಟ ತಂಬಾಕಿನ ಪುಡಿ ತಿಕ್ಕಿದರೆ ಹಸಿವು ಸಾಯುತ್ತದೆ, ಅಷ್ಟೆ.

ಅಷ್ಟರಲ್ಲಿ ಹೌಸಾಬಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು. ಸೊಸೆಯ ಹಣೆ ಮುಟ್ಟಿ ನೋಡಿದಳು, ಗಾಬರಿ ಇತ್ತು. ಆದರೆ ಸೊಸೆಯ ತೂಕ ಏರಿಲ್ಲ ಅಂತ ಮಾಲನ್ ಮಾತು ತೆಗೆದದ್ದೇ ತಡ, ಅತ್ತೆಯ ಗದ್ದ ಮೇಲಾಯಿತು.

"ತೂಕ ಏರಿಲ್ಲ ಅಂತ ಅಳಬೇಕೇನು? ಏಳು ತಿಂಗಳಾತು, ಹೊಟ್ಟಿ ಕಾಣಸ್ತದೇನು ನೋಡು. ನಮ್ಮ ಮನಿ ಸೊಸೆಯಂದ್ರು ಹಿಂಗ. ಕೂಸು ಸಣ್ಣದಿದ್ರ ಹೆರಿಗಿ ಹಗುರ. ದೊಡ್ಡದಾದ್ರ ದವಾಖಾನ್ಯಾಗ ಹೊಟ್ಟಿ ಕೊಯ್ತಾರ."

"ಆಮ್ಯಾಲೆ, ಅಕ್ಕಾ?" ಅಂದಳು ಮಾಲನ್.

"ಆಮ್ಯಾಲೆ ನಾ ಅದೀನಲ್ಲ. ಹುಟ್ಟಲಿ ಮೊದ್ಲು. ಎಮ್ಮಿ ಹಾಲು, ಬದಾಮಿ, ತುಪ್ಪ ಹಾಕಿ ವರ್ಷದಾಗ ಪೈಲ್ವಾನನ್ನ ಮಾಡಿ ತೋರಸ್ತೀನಿ. ಸಂಗ್ರಾಮನ್ನ ಬೆಳಸಿಲ್ಲೇನು?"

ಸುತ್ತ ನಿಂತ ಹೆಂಗಸರು ತಲೆಯಾಡಿಸಿದರು. ನಮ್ಮೂರಲ್ಲಿ ಎಲ್ಲರ ಲೆಕ್ಕವೂ ಇದೇ ಆಗಿತ್ತು. ತಿನ್ನಿಸುವುದೇನಿದ್ದರೂ ಹುಟ್ಟಿದ ಮೇಲೆ, ಗರಡಿಗೆ ಹೋಗುವ ವಯಸ್ಸಿಗೆ.

ಮಾಲನ್ ಕಟ್ಟೆಯ ಮೇಲಿದ್ದ ವಸ್ತಾದರ ಕಡೆ ತಿರುಗಿದಳು.

"ಆಬಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಮಣ್ಣಿಗೆ ಈಗ್ಯಾಕ ಇಷ್ಟೆಲ್ಲಾ ಸುರೀತೀರಿ? ಕುಸ್ತಿ ದಿನಾನ ಸುರದ್ರ ನಡಿಯಂಗಿಲ್ಲೇನು?"

ಗರಡಿಯ ಹುಡುಗರಿಗೆ ನಗು ತಡೆಯಲಿಲ್ಲ. ವಸ್ತಾದರೂ ಮೀಸೆಯಲ್ಲೇ ನಕ್ಕರು.

"ಹುಚ್ಚಿ, ಕುಸ್ತಿ ದಿನ ಸುರದ್ರ ಕೆಸರಾಗ್ತದ. ಮಣ್ಣು ನಿಧಾನಕ್ಕ ಕುಡೀಬೇಕು. ಈಗ ಕುಡದದ್ದು ಅದರ ಮೈಯಾಗ ಉಳೀತದ. ಹಸದ ಮಣ್ಣಿಗೆ ಆಮ್ಯಾಲೆ ಎಷ್ಟ್ ಎಣ್ಣಿ ಸುರದ್ರೂ ಮ್ಯಾಲೇ ನಿಲ್ತದ, ಒಳಗ..."

ಮಾತು ಅಲ್ಲಿಗೇ ನಿಂತಿತು. ವಸ್ತಾದರು ಮಣ್ಣನ್ನು ನೋಡಿದರು. ಕಟ್ಟೆಗೆ ಒರಗಿ ಕೂತ ಸೊಸೆಯನ್ನು ನೋಡಿದರು.

ಆಮೇಲೆ ತಮ್ಮ ಕತೆಯನ್ನೇ ತೆಗೆದರು. ಅವರು ಎಪ್ಪತ್ತೆರಡನೆಯ ಇಸವಿಯ ಬರಗಾಲದ ಕೂಸು. ಮಳೆ ಕಾಣದ ಮಾಣದೇಶದ ತವರಿನಲ್ಲಿ ಅವರ ತಾಯಿ ತುಂಬಿದ ಬಸುರಿಯಾಗಿ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದವಳು. ಸರಕಾರ ಕೊಟ್ಟ ಕೆಂಪು ಜೋಳದ ಗಂಜಿ, ಅದೂ ಸಿಕ್ಕ ದಿನ. ಹುಟ್ಟಿದಾಗ ಅರಳೆಯಲ್ಲಿ ಸುತ್ತಿಟ್ಟಿದ್ದರಂತೆ, ಅಷ್ಟು ಸಣ್ಣ. ಮುಂದೆ ಗರಡಿ ಸೇರಿದ ಮೇಲೆ ಹಾಲು, ತುಪ್ಪ, ಬದಾಮಿಗೆ ಕೊರತೆಯಿರಲಿಲ್ಲ. ಮೈ ಬಂತು, ಹೆಸರು ಬಂತು. ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆಯೂ ಬಂತು.

"ಕುಡದವ ಅಲ್ಲ, ತಂಬಾಕು ಮುಟ್ಟಿದವ ಅಲ್ಲ. ಮಾರುತಿರಾಯನ ಇಚ್ಛಾ ಅಂತ ಸುಮ್ನಿದ್ದೆ," ಅಂದರು.

ದೇವರ ಇಚ್ಛೆಯನ್ನು ತೂಗುವವಳು ನಾನಲ್ಲ ಅಂತ ಹೇಳಿ ಮಾಲನ್ ತನಗೆ ತಿಳಿದದ್ದನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ಹೊಟ್ಟೆಯೊಳಗಿನ ಕೂಸು ಬರೀ ಮಲಗಿರುವುದಿಲ್ಲ. ಹೊರಗಿನ ಕಾಲ ಹೇಗಿದೆ ಅಂತ ತಾಯಿಯ ಊಟದಿಂದಲೇ ತಿಳಿದುಕೊಳ್ಳುತ್ತದೆ. ಬರುವುದು ಕಡಿಮೆಯಾದರೆ, ಇದ್ದುದರಲ್ಲೇ ಬದುಕುವ ಮೈಯನ್ನು ಕಟ್ಟಿಕೊಳ್ಳುತ್ತದೆ. ಗುಂಡಿಗೆ, ಮೂತ್ರಪಿಂಡ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಗ್ರಂಥಿ, ಎಲ್ಲಕ್ಕೂ ಅಡಿಪಾಯ ಬೀಳುವುದು ಆಗಲೇ. ಕೊರತೆಯಲ್ಲಿ ಕಟ್ಟಿದ ಮೈಗೆ ಮುಂದೆ ಒಮ್ಮೆಲೇ ತುಪ್ಪ ಸಕ್ಕರೆ ಸುರಿದರೆ ಅದಕ್ಕೆ ಭಾರವಾಗುತ್ತದೆ. ಸಣ್ಣದಾಗಿ ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಬರುವ ಸಂಭವ ಹೆಚ್ಚು. ತಂಬಾಕು, ಒಲೆಯ ಹೊಗೆ ಕೂಡ ಕೂಸನ್ನು ಕುಗ್ಗಿಸುತ್ತವೆ.

ಹೌಸಾಬಾಯಿಯ ದನಿ ಇಳಿದಿತ್ತು. "ಅಂದ್ರ, ನಮ್ಮ ಅತ್ತೀದು ತಪ್ಪಂತೀ ಏನು?"

"ಇಲ್ಲ ಅಕ್ಕಾ. ಆ ತಾಯಿಗೆ ಸಿಗಲೇ ಇಲ್ಲ. ಸಿಕ್ಕಿದ್ರ ತಿಂದು ಮಗನಿಗೆ ಮುಟ್ಟಿಸದ ಬಿಡ್ತಿದ್ಲೇನು?"

"ಮತ್ತ ಹೆರಿಗಿ? ಕಷ್ಟ ಆದ್ರ?"

"ಸಂಗ್ರಾಮ ಕುಸ್ತಿಗೆ ಇಳಿಯೋ ಮುಂಚೆ ಅವನ್ನ ತಿಂಗಳುಗಟ್ಲೆ ಉಪವಾಸ ಇಡ್ತೀಯೇನು? ಹೆರೋದೂ ತ್ರಾಣದ ಕೆಲಸ. ತಪಾಸಣಿಗೆ ಹೋಗೋಣ, ದವಾಖಾನ್ಯಾಗ ಹೆರಿಗಿ ಮಾಡಸೋಣ. ಉಪವಾಸ ಇಟ್ರ ಹೆರಿಗಿ ಹಗುರ ಆಗಂಗಿಲ್ಲ, ತಾಯಿ ಸೊರಗ್ತಾಳ."

ಹೌಸಾಬಾಯಿ ಗಂಡನ ಮುಖ ನೋಡಿದಳು. ವಸ್ತಾದರು ಮಾತಾಡಿದ್ದು ಕಡಿಮೆ, ಆದರೆ ನಮ್ಮೂರು ಇವತ್ತಿಗೂ ಅದನ್ನು ನೆನೆಯುತ್ತದೆ.

"ಬರ ಹೋಗಿ ಐವತ್ತು ವರ್ಷ ಆತು ಹೌಸಾ. ನಮ್ಮ ಅಡಿಗಿ ಮನ್ಯಾಗ ಮಾತ್ರ ಇನ್ನೂ ಕೂತದ."

ಹೌಸಾಬಾಯಿ ಸೊಸೆಯನ್ನು ತೋಳು ಹಿಡಿದು ಎಬ್ಬಿಸಿಕೊಂಡು ಮನೆಗೆ ನಡೆದಳು. ಆ ಮಧ್ಯಾಹ್ನ ಮನೆಯಲ್ಲಿ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಮೊದಲು ಮುಂದಿನದನ್ನು ಕೇಳಿ.

ಪ್ರಾಜಕ್ತಾಳ ತಟ್ಟೆಗೆ ಬೇಳೆ, ಕಾಳು, ಮೆಂತ್ಯದ ಸೊಪ್ಪು, ಶೇಂಗಾ ಚಟ್ನಿ ಬಂದವು. ಮಾರುತಿಯ ಶನಿವಾರವೊಂದನ್ನು ಬಿಟ್ಟು ಮೊಟ್ಟೆ ಬಂತು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ಬೇಡ, ಊಟವಾದ ಮೇಲೆ ನೀರಿನಲ್ಲಿ ತಗೋ ಅಂತ ಮಾಲನ್ ಹೇಳಿದ್ದಳು, ಹಾಗೇ ತಗೊಂಡಳು. ಮಧ್ಯಾಹ್ನ ಒಂದು ನಿದ್ದೆ. ಬಿಸಿನೀರಿನ ಒಲೆ ಅಂಗಳಕ್ಕೆ ಹೋಯಿತು. ಮಿಶ್ರಿಯನ್ನು ಸೊಸೆ ಬಿಟ್ಟಳು. ಅತ್ತೆಯೂ ಬಿಟ್ಟಳು, ಆದರೆ ಗೊಣಗಿ ಗೊಣಗಿ ಮನೆಯವರ ಜೀವ ತಿಂದು ಬಿಟ್ಟಳು.

ಫಾಲ್ಗುಣದಲ್ಲಿ ತಾಲೂಕು ದವಾಖಾನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡೂ ಮುಕ್ಕಾಲು ಕೆಜಿ, ಕೈ ಕಾಲು ಝಾಡಿಸುವ ಕೂಸು. ಹೆರಿಗೆ ಸುಸೂತ್ರವಾಗಿ ಆಯಿತು. ನೆರೆಯವಳು ಜೇನು ನೆಕ್ಕಿಸಲು ಬಂದಾಗ ತಡೆದವಳು ಹೌಸಾಬಾಯಿಯೇ. ಮೊದಲ ಗಳಿಗೆಯಿಂದ ಎದೆಹಾಲು, ಆರು ತಿಂಗಳು ಅದೊಂದೇ ಅಂತ ಎಲ್ಲರಿಗೂ ಪಾಠ ಹೇಳಿದಳು. ಪೈಲ್ವಾನ ಬರಲಿಲ್ಲವಲ್ಲ ಅಂತ ಅಂಗಡಿಯ ಮುಂದೆ ಯಾರೋ ಚುಚ್ಚಿದರೆ, "ನಮ್ಮ ಕೊಲ್ಹಾಪುರದ ಹುಡುಗ್ಯಾರ ಕುಸ್ತಿ ನೋಡಿಲ್ಲೇನು ನೀ? ಇನ್ನೊಂದಿಷ್ಟು ವರ್ಷ ತಡಿ, ನಿನ್ನ ಮಗನ್ನ ಇಕಿ ಎತ್ತಿ ಒಗೀತಾಳ," ಅಂದಳಂತೆ. ಈಗ ನಮ್ಮ ಗರಡಿಗೆ ಹೊಸ ಮಣ್ಣು ಕೂಡಿಸುವ ದಿನ, ಬಸುರಿಯರಿರುವ ಮನೆಗೆ ಊರಿನವರೇ ಹಾಲು, ಕಾಳು, ಸೊಪ್ಪು ಒಯ್ದು ಕೊಡುತ್ತಾರೆ. ಅದಾದ ಮೇಲೆಯೇ ಮಣ್ಣಿಗೆ ಮಜ್ಜಿಗೆ. ಹೀಗೆ ಮಾಡುವ ಊರು ನಮ್ಮದು ಅಂತ ಹೇಳಿಕೊಳ್ಳಲು ನಮಗೆ ಹೆಮ್ಮೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಬಸುರಿ ಇರಬಹುದು. ಇವತ್ತು ಊಟಕ್ಕೆ ಕೂರುವಾಗ ಆಕೆ ಎಲ್ಲಿದ್ದಾಳೆ ನೋಡಿ. ಕೂಸು ಬಸಿರಲ್ಲಿ ನಿಂತ ದಿನದಿಂದ ಅದಕ್ಕೆ ಎರಡು ವರ್ಷ ತುಂಬುವವರೆಗಿನ ಕಾಲ ಮತ್ತೆ ಬರುವುದಿಲ್ಲ. ಆ ಕಾಲದಲ್ಲಿ ತಾಯಿಗೆ ಹೊಟ್ಟೆ ತುಂಬ ಊಟ, ವಿಶ್ರಾಂತಿ, ಹೊಗೆಯಿಲ್ಲದ ಗಾಳಿ, ಆಗಾಗ ತಪಾಸಣೆ ಕೊಡಿ. ಕೂಸಿಗೆ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಎದೆಹಾಲಿನ ಜೊತೆಗೆ ಮನೆಯ ಮೆತ್ತನೆಯ ಊಟ ಕೊಡಿ. ನಿಮ್ಮ ಮೊಮ್ಮಗಳ ಐವತ್ತನೆಯ ವಯಸ್ಸಿನ ಆರೋಗ್ಯಕ್ಕೆ ನೀವು ಇವತ್ತೇ ಬಡಿಸುತ್ತಿದ್ದೀರಿ.

ಇನ್ನು ಆ ಮಧ್ಯಾಹ್ನದ ಮಾತು. ಗಂಡಸರು ಗರಡಿಯಿಂದ ಬಂದು ಕೈಕಾಲು ತೊಳೆದರು. ಮಣೆ ಹಾಕಿತ್ತು, ತಟ್ಟೆ ಇಟ್ಟಿತ್ತು. ಪ್ರಾಜಕ್ತಾ ಎಂದಿನಂತೆ ಬಾಗಿಲ ಮರೆಯಲ್ಲಿ ನಿಂತಳು. ಹೌಸಾಬಾಯಿ ಅವಳನ್ನು ಕೈಹಿಡಿದು ತಂದು ವಸ್ತಾದರ ಮಣೆಯ ಮೇಲೆ ಕೂರಿಸಿದಳು. ಅಪ್ಪ ಮಗ ಇಬ್ಬರೂ ಒದ್ದೆ ಕೈಯಲ್ಲೇ ನಿಂತು ಕಾದರು. ಹೌಸಾಬಾಯಿ ತವೆಯ ಮೇಲಿನಿಂದ ಉಬ್ಬಿದ ಭಾಕ್ರಿ ತೆಗೆದು, ಬೆಣ್ಣೆ ಇಟ್ಟು, ಸೊಸೆಯ ಮುಖ ನೋಡಲಾರದೆ ತಟ್ಟೆ ಮುಂದೆ ಸರಿಸಿದಳು.

"ತಗೋ ಮಗಳ," ಅಂದಳು ಮೆಲ್ಲಗೆ. "ಇದು ನಿಂದು. ನನ್ನ ಕಡೆ ಉಳಿದುಬಿಟ್ಟಿತ್ತು."