ಮೂರು ಗಂಟೆಯ ಸಾಕ್ಷಿ

ಹಾಡಹಗಲಲ್ಲೇ ದೊಡ್ಡಮ್ಮ ಕಿಟಕಿಯ ಪರದೆ ಎಳೆದು, ತನ್ನ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಳು. ಒಳಗಿದ್ದದ್ದು ನಾವಿಬ್ಬರೇ.

ಅವಳು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುವವಳು. ಅಣುಬಾಂಬ್ ಹಾಕುವುದಷ್ಟೇ ಅಲ್ಲ, ಹಾಕುತ್ತೇನೆಂದು ಹೆದರಿಸುವುದೂ ಅಪರಾಧ ಎಂಬುದು ಅವಳ ಹನ್ನೊಂದು ವರ್ಷದ ವಾದ. ಅವತ್ತು ಮೂರು ಗಂಟೆಗೆ ವಿದೇಶದ ವಿಚಾರಣಾ ಸಮಿತಿಯೆದುರು, ಲ್ಯಾಪ್‌ಟಾಪಿನಲ್ಲೇ, ಅವಳು ಹುಡುಕಿ ಒಪ್ಪಿಸಿದ್ದ ಸಾಕ್ಷಿಯ ಹೇಳಿಕೆ. ಆ ಸಾಕ್ಷಿ, ಅಣು ಪರೀಕ್ಷೆಯ ಜಾಗದಲ್ಲಿ ವಿಕಿರಣ ಅಳೆಯುತ್ತಿದ್ದ ಮುದುಕರು. ನಾನು ನೋಡಿಯೇ ಇಲ್ಲ, ಆದರೂ ಮೀಟರ್ ಮಾಮ ಎಂದು ಹೆಸರಿಟ್ಟಿದ್ದೆ. ಸೋರಿಕೆಯೇ ಆಗಿಲ್ಲ ಎನ್ನುವ ಸರ್ಕಾರದೆದುರು ನಿಜವಾದ ಅಂಕಿ ಕಂಡವರು ಅವರೊಬ್ಬರೇ.

"ಏನಾಯ್ತು ದೊಡ್ಡಮ್ಮ?"

"ಬೆಳಿಗ್ಗೆ ಯಾವನೋ ಫೋನ್ ಮಾಡಿದ್ದ ಕಣೋ. 'ಸಾಕ್ಷಿ ಹೇಳೋ ನಾಲಿಗೆಗೆ ಸಂಜೆ ಕಾಫಿ ಕುಡಿಯೋ ಯೋಗ ಇರಲ್ಲ' ಅಂದ."

ಅದು ನನ್ನದೇ ಡೈಲಾಗು. ಗೆಳೆಯನ ಫೋನಿನಿಂದ, ಗಂಟಲಿಗೆ ಜಲ್ಲಿ ಸುರಿದುಕೊಂಡ ಖಳನಾಯಕನ ದನಿಯಲ್ಲಿ ಹೊಡೆದಿದ್ದೆ. 'ಮುಚ್ಚೋ ಬಾಯಿ, ಕೋಡಂಗಿ' ಎಂದು ಬೈಯುತ್ತಾಳೆ ಅಂದುಕೊಂಡಿದ್ದೆ. ಮಾತಿಲ್ಲದೆ ಕಟ್ ಮಾಡಿದ್ದಳು.

"ದೊಡ್ಡಮ್ಮ, ಅದು ನಾನು. ತಮಾಷೆಗೆ."

ಬೈಯಲಿಲ್ಲ. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ಕಾಲ್ ರೆಕಾರ್ಡ್ ಆಗಿತ್ತು. ನಿನ್ನ ಮೀಟರ್ ಮಾಮನಿಗೆ ಕಳಿಸ್ಬಿಟ್ಟೆ. ಅಪಾಯ ಇದೆ ಅಂದ್ರೆ ಸಾಕ್ಷಿಗೆ ಹೇಳ್ಬೇಕಲ್ವಾ? ಆಗಿಂದ ಅವರ ಫೋನ್ ಆಫು." ತನ್ನ ಮೊಬೈಲನ್ನು ನನ್ನ ಕೈಗೆ ತುರುಕಿದಳು. "ತಗೋ ಹೀರೋ, ನೀನೇ ಹೇಳು."

ಹದಿನೇಳು ಸಲ ಮಾಡಿದೆ. ಹದಿನೆಂಟನೆಯ ಸಲಕ್ಕೆ ಎತ್ತಿದರು. ಮೂರಕ್ಕೆ ಹತ್ತು ನಿಮಿಷ ಇತ್ತು.

"ಮಾಮ, ನಾನು ಪ್ರೊಫೆಸರ್ ತಂಗಿ ಮಗ. ಬೆಳಿಗ್ಗೆ ಹೆದರಿಸಿದ್ದು ನಾನೇ. ಸುಮ್ನೆ ತಮಾಷೆಗೆ."

"ಹೀಗೆ ಹೇಳು ಅಂತ ಯಾರಪ್ಪಾ ಹೇಳ್ಕೊಟ್ರು ನಿಂಗೆ? ಅವರ ಫೋನ್ ನಿನ್ ಕೈಗೆ ಹೆಂಗ್ ಬಂತು?"

"ಅಯ್ಯೋ ನಂಬಿ ಮಾಮ. ಬೇಕಾದ್ರೆ ಕೇಳಿ."

ದೊಡ್ಡಮ್ಮ ಬೇಡವೆಂದು ಕೈ ಚಾಚುವಷ್ಟರಲ್ಲಿ ನಾನು ಖಳನಾಯಕನ ದನಿ ತೆಗೆದಾಗಿತ್ತು. "ಸಾಕ್ಷಿ ಹೇಳೋ ನಾಲಿಗೆಗೆ..."



"ಅದೇ ದನಿ. ಗೊತ್ತಾಯ್ತು ಸಾರ್," ಎಂದರು, ಈಗಷ್ಟೇ ನನ್ನನ್ನು ಅಪ್ಪಾ ಎಂದಿದ್ದ ಮುದುಕರು. "ಮೇಡಮ್‌ಗೆ ಏನೂ ಮಾಡ್ಬೇಡಿ ಸಾರ್. ನಾನು ಏನೂ ಅಳೆದಿಲ್ಲ. ಏನೂ ನೋಡಿಲ್ಲ."

ಫೋನ್ ಮತ್ತೆ ಆಫಾಯಿತು.

ಮೂರಕ್ಕೆ ಸರಿಯಾಗಿ ಲ್ಯಾಪ್‌ಟಾಪಿನಲ್ಲಿ ಸಮಿತಿಯ ಐದು ಮುಖ ಮೂಡಿದವು. ಆರನೆಯ ಚೌಕ ಕಪ್ಪಾಗಿಯೇ ಉಳಿಯಿತು. ಸಾಕ್ಷಿ ಎಲ್ಲಿ ಎಂದು ಕೇಳಿದರು.

"ಹೆದರಿದ್ದಾರೆ," ಎಂದಳು ದೊಡ್ಡಮ್ಮ.

ಹೆದರಿಸಿದವರು ಯಾರು ಎಂದು ಕೇಳಿದರು.

ಅವಳು ಕನ್ನಡಕ ಒರೆಸಿಕೊಂಡು, ಲ್ಯಾಪ್‌ಟಾಪನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದಳು.